ಭೋಂಗಾ ನುಡಿದ ಎರಡು ಮಾತು

"ಇದು ನನ್ನ ಕೈ ಅಲ್ಲ, ಬಾಯೀ. ದೇವಾಶಪ್ಪತ್, ನನ್ನ ಕೈ ಅಲ್ಲ."

ಮೈಕು ಕಟ್ಟುವ ಮಾರ್ತಾಂಡ ಇದನ್ನೇ ಹೇಳುತ್ತಿದ್ದ. ಕಾಶವ್ವ ಕೇಳಿಸಿಕೊಳ್ಳುತ್ತಿರಲಿಲ್ಲ. ಹಿತ್ತಲ ಗೋಡೆಯ ಪಕ್ಕ ಮುಕ್ಕಾಲಿಯ ಮೇಲೆ ನಿಂತು, ಕನ್ನಡಕವನ್ನು ಹಣೆಗೇರಿಸಿ, ತಂತಿಯ ಗಂಟನ್ನು ಮೂಗಿನ ಹತ್ತಿರ ತಂದುಕೊಂಡಿದ್ದಳು.

"ಮೂಸಿ ನೋಡಿದ್ರ ಏನು ತಿಳೀತದ?"

"ನೀ ಮುಕ್ಕಾಲಿ ಗಟ್ಟಿ ಹಿಡಿ. ನಾ ಬಿದ್ರ ಅದಕ್ಕೂ ನಿನ್ನ ಮ್ಯಾಲೇ ಬರ್ತದ."

ಗಂಟು ಹಸಿಯಾಗಿತ್ತು. ರಬ್ಬರಿನ ಪಟ್ಟಿ ಇರಬೇಕಾದ ಜಾಗದಲ್ಲಿ ಏನೋ ನಾರು ಸುತ್ತಿದ್ದರು.

ಪುಣೆಯ ನಾನಾ ಪೇಟೆಯ ಬೆಲ್ಲದ ವ್ಯಾಪಾರಿ ಶಿವರುದ್ರಪ್ಪನ ವಾಡೆಯಲ್ಲಿ ಅವತ್ತು ಮಗಳು ಪ್ರೇಮಾವತಿಯ ನಿಶ್ಚಯ. ಸಕ್ಕರೆ ಬಾಯಿಗೆ ಬೀಳುವ ಮುಂಚೆ, ಹಾಡಿನ ಪ್ಲೇಟು ಬದಲಿಸುವ ಸಂದಿನಲ್ಲಿ, ಮಾಳಿಗೆಯ ಮೇಲೆ ಕಟ್ಟಿದ್ದ ಭೋಂಗಾ, ಹಾಡನ್ನು ಓಣಿಗೆಲ್ಲ ಸಾರುವ ಆ ತಗಡಿನ ಕಹಳೆ, ತಾನಾಗಿಯೇ ಮಾತಾಡಿತ್ತು.

"ಹುಡುಗಿಗೆ ಈ ಲಗ್ನಕ್ಕ ಮನಸಿಲ್ಲ."

ಆಮೇಲೆ ಕರಕರ ಸದ್ದು. ಅದರ ಹಿಂದೆಯೇ ಇನ್ನೊಂದು ಮಾತು.

"ನನಗೂ ಇಲ್ಲ."

ಹೆಣ್ಣು ದನಿ ಎನ್ನುವುದಷ್ಟೇ ಗೊತ್ತಾಗುತ್ತಿತ್ತು. ತಗಡಿನ ಬಾಯಿಂದ ಬಂದರೆ ಎಲ್ಲ ದನಿಯೂ ತಗಡೇ. ಇಡೀ ಓಣಿ ಅದನ್ನು ಕೇಳಿತು, ಆದರೆ ಓಣಿಯವರೆಲ್ಲ ಮರಾಠಿ ಮಂದಿ. ಎದುರು ವಾಡೆಯ ಗೌರಾಬಾಯಿ ಕಿಟಕಿಯಿಂದ ತಲೆ ಹಾಕಿ, ಇದೇನು ಕಾನಡಿ ಹಾಡೋ, ರಾಗ ಚೆನ್ನಾಗಿಲ್ಲ ಎಂದು ಹೇಳಿ ಒಳಗೆ ಹೋಗಿದ್ದಳು. ಅರ್ಥವಾದದ್ದು ಪಡಸಾಲೆಯಲ್ಲಿ ಕೂತವರಿಗೆ ಮಾತ್ರ. ಆದರೆ ಅಷ್ಟೇ ಸಾಕಿತ್ತು.

ಬೈಲಹೊಂಗಲದಿಂದ ಬಂದಿದ್ದ ಬೀಗರು ಮುರುಗೆಪ್ಪ ಹೆಗಲ ಮೇಲಿನ ವಲ್ಲಿ ತೆಗೆದು ಸಕ್ಕರೆ ಬಟ್ಟಲಿನ ಮೇಲೆ ಹೊದಿಸಿದ್ದರು. ಸಿಟ್ಟು ಮಾಡಿರಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

"ಹುಡುಗಿಗೂ ಮನಸಿಲ್ಲ, ಹೇಳಿದಾಕಿಗೂ ಇಲ್ಲ. ಅಂದ್ರ ಈ ಮನ್ಯಾಗ ಯಾರಿಗೂ ಇಲ್ಲ ಅಂತಾತು. ದೀಪ ಹಚ್ಚೂದ್ರೊಳಗ ಆ ಮಾತು ಯಾರದು, ಖರೇ ಏನು ಸುಳ್ಳೇನು ಅಂತ ನನಗ ಗೊತ್ತಾಗಬೇಕ್ರಿ. ಇಲ್ಲಂದ್ರ ನಾವು ಬೆಳಗಾವಿ ಗಾಡಿ ಹಿಡಿತೀವಿ."

ಗಾಡಿ ಹಿಡಿದರೆ ಏನಾಗುತ್ತದೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಸಕ್ಕರೆ ತಿನ್ನದೆ ಎದ್ದುಹೋದ ಬೀಗರ ಕತೆ ಬೈಲಹೊಂಗಲದಿಂದ ಗೋಕಾಕದ ತನಕ ಅವರಿಗಿಂತ ಮೊದಲು ಹೋಗಿ ಕೂತಿರುತ್ತದೆ. ಆಮೇಲೆ ಪ್ರೇಮಾವತಿಯನ್ನು ಕೇಳಲು ಬರುವವರು ಆ ಕತೆಯನ್ನು ಮೊದಲು ಕೇಳಿಕೊಂಡು ಬರುತ್ತಾರೆ.

ಈ ಸಂಬಂಧ ಹಚ್ಚಿದವಳು ಕಾಶವ್ವನೇ. ಶಿವರುದ್ರಪ್ಪನ ಅಕ್ಕ, ಗಂಡ ತೀರಿದ ಮೇಲೆ ನರ್ಸಿನ ಕೆಲಸ ಕಲಿತು ರಾಸ್ತಾ ಪೇಟೆಯ ಒಂದು ದವಾಖಾನೆಯಲ್ಲಿ ದೊಡ್ಡಬಾಯಿ ಅನ್ನಿಸಿಕೊಂಡವಳು. ಪೇಟೆಯಲ್ಲಿ ಏನು ಕಳೆದರೂ ಜನ ಮೊದಲು ಅವಳ ಹತ್ತಿರ ಬರುತ್ತಿದ್ದರು, ಆಮೇಲೆ ಪೊಲೀಸರ ಹತ್ತಿರ. ಇವತ್ತು ಕಳೆದುಹೋಗುತ್ತಿದ್ದದ್ದು ಅವಳ ಸೋದರ ಸೊಸೆಯ ಬಾಳು.

"ಇಳೀತೀನಿ, ಕೈ ಕೊಡು," ಎಂದಳು ಮಾರ್ತಾಂಡನಿಗೆ. "ಇನ್ನೊಮ್ಮೆ ಹೇಳು. ನಿನ್ನ ತಂತಿ ಎಲ್ಲಿಂದ ಎಲ್ಲಿಗೆ ಹೋಗ್ಯಾವ?"

ಮಾರ್ತಾಂಡ ಗಂಟಲು ಸರಿಮಾಡಿಕೊಂಡ. ಮದುವೆ, ಮುಂಜಿ, ಗಣಪತಿಗೆ ಭೋಂಗಾ ಕಟ್ಟುವುದರಲ್ಲಿ ತನಗೆ ಸಮನಾದವರು ಪುಣೆಯಲ್ಲೇ ಇಲ್ಲ ಎಂದು ಅವನ ನಂಬಿಕೆ. ಕಷ್ಟದಲ್ಲಿದ್ದಾಗಲೂ ಆ ನಂಬಿಕೆ ಸಡಿಲವಾಗಿರಲಿಲ್ಲ.

"ಮಶೀನು ಪಡಸಾಲ್ಯಾಗ. ಅದರಿಂದ ಮ್ಯಾಲೆ ಭೋಂಗಾಕ್ಕ ಒಂದು ತಾರ. ಅದು ಸರಿ ಅದ. ಹಿಂದಕ್ಕ ಎರಡು ತಾರ. ಒಂದು ಚೌಕದಾಗಿನ ಮೈಕಿಗೆ, ಬಾಯಕಾ ಮಂಡಳಿ ಸೋಬಾನಿ ಹಾಡಲಿಕ್ಕೆ. ಇನ್ನೊಂದು ಹಾಡೋ ಸಣ್ಣ ಪೆಟ್ಟಿಗಿಗೆ, ಅಡಿಗಿ ಮನ್ಯಾಗ ಒಂದು, ಬೀಗ ಪಾವಣ್ಯಾರ ಖೋಲ್ಯಾಗ ಒಂದು. ಒಳಗಿನವರೂ ಹಾಡು ಕೇಳಲಿ ಅಂತ."

"ಎರಡೂ ಈ ಗ್ವಾಡಿ ಮ್ಯಾಲೆ, ಒಂದ ಮೊಳಿಗೆ ಹಾಕಿ ತಂದಿ."

"ಹೌದು. ಶಿಸ್ತು ಕಾಣಬೇಕಲ್ಲ."

"ಒಂದ ಬಣ್ಣದ ತಂತಿ."

"ಬಾಯೀ, ಯುದ್ಧ ಮುಗಿದು ವರ್ಷ ಆತು, ಇನ್ನೂ ಕರಿ ತಾರ ಬಿಟ್ಟು ಬೇರೆ ಸಿಗವಲ್ದು. ನಾ ಏನು ಬಣ್ಣ ಹಚ್ಚಲಿ?"

ಈಗ ಆ ಎರಡು ತಂತಿಗಳೂ ನಡುವೆ ಹರಿದು ಮತ್ತೆ ಕೂಡಿದ್ದವು. ಕೂಡಿದ್ದು ಅಡ್ಡಾದಿಡ್ಡಿ. ಮೈಕಿನ ತಂತಿಯ ಮುಂದಿನ ತುದಿ ಪೆಟ್ಟಿಗೆಯ ತಂತಿಗೆ, ಪೆಟ್ಟಿಗೆಯದು ಮೈಕಿಗೆ.

"ಅದರಿಂದ ಏನಾಗ್ತದ?"

"ಪೆಟ್ಟಿಗಿ ಅಂದ್ರ ಬಾಯಿನೂ ಹೌದು, ಕಿವಿನೂ ಹೌದು. ಹಾಡೋ ಕಡೆ ಹಚ್ಚಿದ್ರ ಹಾಡತದ. ಮೈಕಿನ ಕಡೆ ಹಚ್ಚಿದ್ರ ಕೇಳತದ. ಅದರ ಮುಂದ ಯಾರು ಏನು ಅಂದ್ರೂ ಸೀದಾ ಮಾಳಿಗಿ ಮ್ಯಾಲೆ." ಅವನು ಗಂಟನ್ನು ತೋರಿಸಿದ. "ಆದ್ರ ನೋಡ್ರಿ, ತಿಳೀಲಾರದವರು ಕಟ್ಟಿದ್ರ ಒಳಗಿನ ಎರಡು ಎಳಿ ಒಂದಕ್ಕೊಂದು ಹತ್ತಿ ಎಲ್ಲಾ ಮೂಕ ಆಗಬೇಕಿತ್ತು. ಇಲ್ಲಿ ಎರಡು ಎಳಿ ಬ್ಯಾರೆ ಬ್ಯಾರೆ ಅವ. ಭಾಳ ನಾಜೂಕು ಕೈ. ಇದು ಯಾರೋ ನನ್ನ ದಂಧೇದವರ ಕೆಲಸ. ನನ್ನ ಹೆಸರು ಕೆಡಸಲಿಕ್ಕೆ ಮಾಡ್ಯಾರ."

ಅಷ್ಟರಲ್ಲಿ ಶಿವರುದ್ರಪ್ಪ ಬಂದ. ಹೊಸ ರುಮಾಲು ಒಂದು ಕಡೆ ವಾಲಿತ್ತು.

"ಅಕ್ಕಾ, ಇನ್ನ ತಡ ಬ್ಯಾಡ. ಇಂವನ್ನ ಪೊಲೀಸ ಚೌಕಿಗೆ ಕೊಡ್ತೀನಿ. ನಮಗಾಗಲಾರದವರ ಮಾತು ಕೇಳಿ ಮಾಡ್ಯಾನ."

"ಇಂವಾ? ನಿನ್ನೆ ಏಣಿ ಬೇಕು ಅನ್ನೂ ಬದಲಿ ಎಣ್ಣಿ ಬೇಕು ಅಂದು, ನಿನ್ನ ಹೆಂಡ್ತಿ ರುದ್ರವ್ವನ ಕಡಿಂದ ಒಂದು ಬಟ್ಟಲ ಒಳ್ಳೆಣ್ಣಿ ತರಿಸಿಕೊಂಡು ಕೈಯಾಗ ಹಿಡಕೊಂಡು ಮಾಳಿಗಿ ನೋಡಕೋತ ನಿಂತಿದ್ದ. ಇವನ ಕನ್ನಡಕ್ಕ ಲಗ್ನ ಮುರಿಯೂ ಶಕ್ತಿ ಇಲ್ಲ."

ಮಾರ್ತಾಂಡನಿಗೆ ತನ್ನನ್ನು ಬಿಡಿಸಿದರೋ ಬೈದರೋ ತಿಳಿಯಲಿಲ್ಲ. ಎರಡಕ್ಕೂ ಇರಲಿ ಎಂದು ತಲೆಯಾಡಿಸಿದ.

"ಶಿವರುದ್ರಾ, ಆ ದನಿ ಯಾರದಿರಬೇಕು ಅನಿಸ್ತು ನಿನಗ?"

"ಯಾರೋ ಹೊರಗಿನ ಹೆಂಗಸು."

"ಹೆಂಗ ಗೊತ್ತು?"

"ನಮ್ಮ ಮನಿ ದನಿ ಆಗಿದ್ರ ನನಗ ಗುರ್ತ ಹತ್ತೂದಿಲ್ಲೇನು?"

ಕಾಶವ್ವ ತಮ್ಮನ ಮುಖ ನೋಡಿದಳು. ಒಳ್ಳೆಯ ಮನುಷ್ಯ. ಹೆಂಡತಿಗೆ ಒಂದು ದಿನವೂ ಕೈ ಎತ್ತಿದವನಲ್ಲ, ಹಬ್ಬಕ್ಕೆ ಸೀರೆ ತಪ್ಪಿಸಿದವನಲ್ಲ. ಅವಳು ಏನೂ ಹೇಳದೆ ಅವನ ರುಮಾಲು ನೆಟ್ಟಗೆ ಮಾಡಿದಳು.

"ಬೀಗರಿಗೆ ಚಹಾ ಕೊಡು. ಮಾರ್ತಾಂಡಾ, ನೀ ಮಶೀನಿನ ಜೀವ ತಗಿ. ಪೂರ್ತಿ. ಈ ಮನ್ಯಾಗ ಇವತ್ತು ಇನ್ನೊಂದು ಮಾತು ಮಾಳಿಗಿ ಏರಬಾರದು."

ತಂತಿ ಹರಿದದ್ದು ಹೇಗೆಂದು ತಿಳಿಯಲು ಕಷ್ಟವಾಗಲಿಲ್ಲ. ಗೋಡೆಯ ಬುಡದಲ್ಲಿ ನೀರು ಸೋರಿದ ಕಲೆ ಇತ್ತು. ಪಾತ್ರೆ ತಿಕ್ಕುತ್ತಿದ್ದ ರಂಗೂಬಾಯಿಯನ್ನು ಕರೆದು ಮರಾಠಿಯಲ್ಲಿ ಕೇಳಿದಳು. ರಂಗೂಬಾಯಿ ಕೇಳುವ ಮೊದಲೇ ಅಳಲು ಶುರುಮಾಡಿದಳು. ಬೀಗರ ಧೋತರಗಳಿಗೆ ಹಗ್ಗ ಸಾಲದಾಗಿತ್ತು. ಹೊಸ ಹಗ್ಗ ಕಟ್ಟಿದ್ದಾರೆ, ಎಷ್ಟು ಒಳ್ಳೆಯ ಮನೆ ಎಂದುಕೊಂಡು ಎರಡು ಒದ್ದೆ ಧೋತರ ಹರವಿದ್ದಳು. ಭಾರಕ್ಕೆ ಹಗ್ಗ ಹರಿದು ಕೈಗೆ ಬಂತು. ಧೋತರ ಹೊತ್ತುಕೊಂಡು ಓಡಿದಳು.

"ಮತ್ತ ಕಟ್ಟಿದಾಕಿ ನೀನಲ್ಲ?"

"ನಾನಲ್ಲ ಬಾಯೀ. ತಿರುಗಿ ಬಂದು ನೋಡಿದರೆ ಕಟ್ಟಿತ್ತು. ದೇವರೇ ಕಟ್ಟಿದ ಅಂದುಕೊಂಡೆ."

ದೇವರಿಗೆ ಬಾಳೆನಾರು ಎಲ್ಲಿಂದ ಬರಬೇಕು.

ಕಾಶವ್ವ ಕತ್ತರಿಸಿ ತಂದಿದ್ದ ಗಂಟನ್ನು ಅಂಗೈಯಲ್ಲಿಟ್ಟುಕೊಂಡು ದೇವರ ಜಗಲಿಯ ಮುಂದೆ ನಿಂತಳು. ಜಗಲಿಗೆ ಅಬ್ಬಲಿಗೆ ಮಾಲೆ ಇಳಿಬಿಟ್ಟಿತ್ತು. ಈ ಓಣಿಯಲ್ಲಿ ಎಲ್ಲರೂ ಸೂಜಿಯಿಂದ ಹೂ ಪೋಣಿಸುತ್ತಾರೆ. ಗೌರಾಬಾಯಿಯ ವೇಣಿ ನೋಡಲು ಚೆಂದ, ಆದರೆ ದಾರ ಹರಿದರೆ ಹೂವೆಲ್ಲ ನೆಲಕ್ಕೆ. ಹೂವನ್ನು ಎದುರುಬದುರು ಇಟ್ಟು, ನೆನೆಸಿದ ಬಾಳೆನಾರು ಸುತ್ತಿ, ಬೆರಳಿಗೆ ಹಾಕಿ ಬಿಗಿಯುವವರು ಈ ಮನೆಯವರು ಮಾತ್ರ. ಮಾಲೆ ಎಲ್ಲಿ ಕಡಿದರೂ ಒಂದು ಹೂ ಉದುರುವುದಿಲ್ಲ.

ತಂತಿಯ ಎಳೆಗಳನ್ನೂ ಹಾಗೇ ಎದುರುಬದುರು ಇಟ್ಟು, ಒಂದಕ್ಕೊಂದು ತಾಕದಂತೆ ಕಟ್ಟಲಾಗಿತ್ತು. ಮಾರ್ತಾಂಡ ಹೆದರಿದ್ದ ಆ ನಾಜೂಕು ಕೈ ಅವನ ದಂಧೆಯವರದಲ್ಲ. ಭೋಂಗಾ ಕರಕರ ಅಂದದ್ದೂ ಈ ಹಸಿ ನಾರಿನಿಂದಲೇ.

ಬೀಗರ ಕಡೆಯವರು ಹೂ ಮುಡಿದೇ ಬಂದವರು, ಇಲ್ಲಿ ನಾರು ಮುಟ್ಟಿರಲಿಲ್ಲ. ಕಾಶವ್ವ ಹೂ ಕಟ್ಟುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಉಳಿದವರು ತಾಯಿ, ಮಗಳು.

ಅವಳು ಮೊದಲು ಮಗಳ ಹತ್ತಿರ ಹೋದಳು.

ಪ್ರೇಮಾವತಿ ಒಳಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಬೀಗರು ತಂದ ಹಸಿರು ಸೀರೆ ಪಕ್ಕದಲ್ಲಿ ಮಡಿಕೆ ಬಿಚ್ಚದೆ ಇತ್ತು. ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಮದರಂಗಿಯ ಪದರು ಒಣಗಿ ಬಿರಿದಿತ್ತು, ಆದರೆ ಎಲ್ಲೂ ಉದುರಿರಲಿಲ್ಲ. ಈ ಕೈ ಇವತ್ತು ಏನನ್ನೂ ಕಟ್ಟಿಲ್ಲ.

"ಪ್ರೇಮಾ, ಭೋಂಗಾ ಅಂದದ್ದು ಖರೇ ಏನು?"

ಹುಡುಗಿ ತಲೆ ಎತ್ತಲಿಲ್ಲ.

"ಈಗ ನಾ ಏನಂದ್ರೂ ಯಾರು ನಂಬ್ತಾರತ್ತೀ? ಹೌದಂದ್ರ ಹೌದು. ಇಲ್ಲಂದ್ರ ಅಪ್ಪಾ ಕಲಿಸಿ ಹೇಳಿಸ್ಯಾನ ಅಂತಾರ."

ಮಾತು ಸರಿಯಾಗಿತ್ತು. ಕಾಶವ್ವ ಅವಳ ಮುಂಗುರುಳನ್ನು ಕಿವಿಯ ಹಿಂದೆ ಸರಿಸಿ ಎದ್ದಳು. ಹದಿನೆಂಟು ವರ್ಷದ ಹಿಂದೆ ಈ ಕೂಸನ್ನು ಮೊದಲು ಎತ್ತಿಕೊಂಡದ್ದು ಅವಳೇ. ಆಗಲೂ ಹೀಗೇ ಮುಷ್ಟಿ ಬಿಚ್ಚಿಕೊಂಡು ಹುಟ್ಟಿತ್ತು, ಏನೂ ಮುಚ್ಚಿಡುವುದಿಲ್ಲ ಅನ್ನುವ ಹಾಗೆ.

ಅಡಿಗೆಮನೆಯಲ್ಲಿ ರುದ್ರವ್ವ ಹೋಳಿಗೆ ಲಟ್ಟಿಸುತ್ತಿದ್ದಳು. ಪಡಸಾಲೆಯಲ್ಲಿ ಊಟದ ಮಾತೇ ನಿಂತುಹೋಗಿದ್ದರೂ ಬುಟ್ಟಿಯಲ್ಲಿ ಹೋಳಿಗೆಯ ರಾಶಿ ಬೆಳೆಯುತ್ತಿತ್ತು.

"ಯಾರಿಗೆ ಇಷ್ಟು?"

"ಕಣಕ ಒಣಗ್ತದ್ರಿ ಅಕ್ಕಾರ." ಅವಳು ತಿರುಗಲಿಲ್ಲ. ನೋಟ ಮಾತ್ರ ಉಪ್ಪಿನಕಾಯಿ ಭರಣಿಗಳ ಪಕ್ಕದ ಹಲಗೆಯ ಮೇಲಿದ್ದ ಪೆಟ್ಟಿಗೆಯ ಕಡೆ ಹೋಗಿ ಬಂತು.

"ಹೆದರಬ್ಯಾಡ. ಅದರ ಜೀವ ತಗಿಸೀನಿ. ಈಗ ಅದು ಬರೇ ಕಟ್ಟಿಗಿ."

ಕಾಶವ್ವ ಮಣೆ ಎಳೆದುಕೊಂಡು ಕೂತಳು. ಗಂಟನ್ನು ಹಿಟ್ಟಿನ ಪರಾತದ ಪಕ್ಕ ಇಟ್ಟಳು.

"ಇದು ನಿನ್ನ ಕೈ."

ರುದ್ರವ್ವ ನೋಡಿದಳು. ಮುಚ್ಚಿಡುವ ಪ್ರಯತ್ನವೇ ಅವಳ ಮುಖದಲ್ಲಿ ಕಾಣಲಿಲ್ಲ.

"ಹೌದ್ರಿ. ಹೂ ಕಟ್ಟಿ ಏಳಾಕ ಹತ್ತಿದ್ದೆ, ಹಿತ್ತಲದಾಗ ತಂತಿ ಹರದು ಬಿದ್ದಿತ್ತು. ಆ ಮಾರ್ತಾಂಡಪ್ಪ ಮಾಳಿಗಿ ಮ್ಯಾಲಿದ್ದ. ಅವನ್ನ ಕರದ್ರ ಏಣಿ ಅಂದ್ರ ಎಣ್ಣಿ, ಎಣ್ಣಿ ಅಂದ್ರ ಏಣಿ. ಕೈಯಾಗ ನಾರಿತ್ತು, ಕಟ್ಟಿಬಿಟ್ಟೆ. ನಾಕು ತುದಿ ಇದ್ವು. ಜೋಡಿ ಮಾಡಿದೆ." ಲಟ್ಟಣಿಗೆ ನಿಂತಿತು. "ತಪ್ಪು ಜೋಡಿ ಮಾಡಿದ್ನೇನ್ರಿ?"

"ತಪ್ಪು ಜೋಡಿ."

ರುದ್ರವ್ವ ಪೆಟ್ಟಿಗೆಯನ್ನು ನೋಡಿದಳು. ಗಂಟನ್ನು ನೋಡಿದಳು. ತಿಳಿದದ್ದು ಅವಳ ಮುಖದ ಮೇಲೆ ನಿಧಾನವಾಗಿ ಏರಿತು. ಹೆಂಚಿನ ಮೇಲಿನ ಹೋಳಿಗೆ ಕಪ್ಪಾಗತೊಡಗಿತು. ಕಾಶವ್ವ ಕೈ ಚಾಚಿ ಅದನ್ನು ತೆಗೆದಳು.

"ಮಾತೂ ನಿಂದ?"

ರುದ್ರವ್ವ ಒಲೆಯ ಕಟ್ಟಿಗೆಯನ್ನು ಹಿಂದಕ್ಕೆಳೆದಳು.

"ನಾ ಒಲಿ ಜೋಡಿ ಮಾತಾಡ್ತೀನ್ರಿ ಅಕ್ಕಾರ," ಎಂದಳು. "ಈ ಮನಿಗೆ ಬಂದಾಗಿಂದ. ನಿಮ್ಮ ತಮ್ಮಾರು ಅಂಗಡಿಯಿಂದ ದಣದು ಬರ್ತಾರ. ಓಣ್ಯಾಗ ಎಲ್ಲಾ ಮರಾಠಿ. ನನ್ನ ಮಾತು ನನಗ ಮರಿಬಾರದು ಅಂತ ಶುರು ಮಾಡಿದೆ. ಒಲಿ ಯಾರಿಗೂ ಹೇಳೂದಿಲ್ಲ. ಇವತ್ತೂ ಹಂಗ ಅಂದೆ. ಬಾಗಿಲಾ ಮುಂದ ಮಾಡಿ, ಬೆನ್ನು ತಿರುವಿ, ಒಂದ ಮಾತು. ಬಾಯಿ ಮುಚ್ಚೂದ್ರಾಗ ಅದ ಮಾತು ಆಕಾಶದಿಂದ ಬಂತು. ಒಲಿನ ಚಾಡಿ ಹೇಳಿತೇನೋ ಅನಿಸ್ತು."

ಕಾಶವ್ವನಿಗೆ ನಗು ಬಂತು. ರುದ್ರವ್ವನಿಗೂ ಅರ್ಧ ಬಂದು, ತುಟಿಯಲ್ಲೇ ನಿಂತು, ಬೇರೆ ಏನೋ ಆಯಿತು.

"ಅದಕ್ಕಿಂತ ದೊಡ್ಡ ಮಾತು ಒಂದದ್ರಿ. ನಿಮ್ಮ ತಮ್ಮಾರು ಓಡಿ ಬಂದ್ರು. ಈ ಬಾಗಲಾಗ ನಿಂತು ನನ್ನನ್ನ ಕೇಳಿದ್ರು. 'ಯಾವ ಹೆಂಗಸು ಅದು, ನಿನಗೇನರ ಗುರ್ತ ಹತ್ತಿತೇನು?' ಅಂತ." ಅವಳು ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಂಡಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. "ನಾ ಗುರ್ತ ಹತ್ತಿಲ್ಲ ಅಂದೆ. ಇಷ್ಟು ವರ್ಷದ ಮ್ಯಾಲೆ ನನ್ನ ದನಿ ಇಡೀ ಓಣಿಗೆ ಕೇಳಿತು, ಅವರಿಗೆ ಮಾತ್ರ ಕೇಳಲಿಲ್ಲ."

ತಗಡಿನ ಭೋಂಗಾ, ದನಿ ಕೆಡುತ್ತದೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದು ಕಾಶವ್ವ ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ರುದ್ರವ್ವ ಕೇಳುತ್ತಿದ್ದದ್ದು ಭೋಂಗಾದ ವಿಷಯವಲ್ಲ. ಕಾಶವ್ವ ಅವಳ ಹಿಟ್ಟಿನ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡಳು, ಅಷ್ಟೇ.

"ಪ್ರೇಮಾಗ ಮನಸಿಲ್ಲ ಅಂತ ಆಕಿ ಹೇಳಿದಳೇನು?"

"ಹೇಳಬೇಕೇನ್ರಿ? ಹುಡುಗ ನೋಡಿ ಹೋದಾಗಿಂದ ಆಕಿ ಉಣವಲ್ಲಳು. ಕಿಟಕ್ಯಾಗ ಕುಂದರ್ತಾಳ. ಕರದ್ರ ಓ ಅನ್ನೂದಿಲ್ಲ. ನನ್ನ ಲಗ್ನದ ಮುಂದ ನಾನೂ ಹಿಂಗ ಇದ್ದೆ. ತುತ್ತು ಒಳಗಿಳೀತಿದ್ದಿಲ್ಲ. ನನ್ನ ಯಾರೂ ಕೇಳಲಿಲ್ಲ. ಆಮ್ಯಾಲೆ ರೂಢಿ ಆತು. ನಿಮ್ಮ ತಮ್ಮಾರು ಒಳ್ಳೆಯವರು, ನಾ ಏನೂ ಅನ್ನೂದಿಲ್ಲ. ಆದ್ರ ನನ್ನ ಮಗಳೂ ರೂಢಿ ಮಾಡಿಕೋಬೇಕಲ್ಲಾ ಅಂತ ಹೊಟ್ಟಿ ಉರೀತು."

"ಹೊರಗ ಬಂದು ಹೇಳ್ತಿಯೇನು?"

"ಹೇಳ್ತೀನ್ರಿ. ಮೊದ್ಲನೇ ಮಾತು ನಂದು ಅಂತ ಹೇಳ್ತೀನಿ." ರುದ್ರವ್ವ ಎದ್ದು ಸೆರಗು ಹೊದ್ದುಕೊಂಡಳು. "ಎರಡನೇದು ನಂದಲ್ಲ."

"ಏನು?"

"'ನನಗೂ ಇಲ್ಲ' ಅಂತ ನಾ ಅನಲಿಲ್ಲ. ನಾನೂ ನಿಮ್ಮಂಗ ಅದನ್ನ ಭೋಂಗಾದಾಗ ಕೇಳಿದೆ."

ಕಾಶವ್ವ ಮಣೆಯ ಮೇಲೆ ಹಾಗೇ ಕೂತಳು. ಒಂದು ದನಿ, ಎರಡು ಮಾತು ಎಂದು ಎಲ್ಲರೂ ನಂಬಿದ್ದರು. ಅವಳೂ ನಂಬಿದ್ದಳು. ಆದರೆ ತಂತಿ ಈ ಗೋಡೆಗೆ ಬಂದು ನಿಂತಿರಲಿಲ್ಲ. ಇಲ್ಲಿಂದ ತೊಲೆಯ ಮೇಲೆ ಹಾದು ಮುಂದೆ ಹೋಗಿತ್ತು.

ಅವಳು ಕತ್ತೆತ್ತಿ ತಂತಿಯನ್ನು ಹಿಂಬಾಲಿಸುವುದರೊಳಗೆ ಉಗ್ರಾಣದ ಬಾಗಿಲು ಸದ್ದಾಯಿತು.

"ಅವ್ವಾ." ಪ್ರೇಮಾವತಿ ನಿಂತಿದ್ದಳು. ಅಂಗೈಗಳನ್ನು ಇನ್ನೂ ಹಾಗೇ ಬಿಚ್ಚಿ ಹಿಡಿದಿದ್ದಳು. "ನನಗ ಮನಸಿಲ್ಲ ಅಂತ ನಿನಗ ಯಾರು ಹೇಳಿದ್ರು?"

"ನೀ ಯಾವಾಗ ಬಂದಿ?"

"ನೀ ಒಲಿ ಜೋಡಿ ಮಾತಾಡೂದು ಹೇಳಾಕ ಹತ್ತಿದ್ದಿ, ಆವಾಗ. ಅದು ನನಗ ಸಣ್ಣಾಕಿ ಇದ್ದಾಗಿಂದ ಗೊತ್ತದ." ಹುಡುಗಿ ಒಲೆಯ ಕಡೆ ನೋಡಿ ಮಾತಾಡಿದಳು, ತಾಯಿಯ ಹಾಗೇ. "ನೀ ಬ್ಯಾಡಾಗಿ ಉಣಲಿಲ್ಲ ಅಂದ್ರ ನಾನೂ ಬ್ಯಾಡಾಗೇ ಉಣವಲ್ಲೆ ಅಂತೇನು?"

ರುದ್ರವ್ವನಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಕಾಶವ್ವನಿಗೆ.

"ಅವತ್ತು ಅವರು ನನ್ನ ನೋಡಾಕ ಬಂದಾಗ ನನ್ನ ಕೈ ನಡುಗಿ ಚಹಾ ಅವರ ಧೋತರದ ಮ್ಯಾಲೆ ಚೆಲ್ಲಿತು. ಸುಡು ಸುಡು ಚಹಾ. ನೀವೆಲ್ಲಾ ಹೋ ಅಂದ್ರಿ. ಅವರು, ತಮ್ಮ ಕೈನ ತಾಕಿ ಚೆಲ್ಲಿತು ಅಂದ್ರು. ತಾಕಿದ್ದಿಲ್ಲವ್ವಾ. ನನಗ ಗೊತ್ತು, ಅವರಿಗೆ ಗೊತ್ತು." ದನಿ ಸಣ್ಣದಾಯಿತು. "ಅವತ್ತಿಂದ ತುತ್ತು ಇಳೀವಲ್ದು."

ಸಂತೋಷಕ್ಕೂ ತುತ್ತು ಗಂಟಲಲ್ಲಿ ನಿಲ್ಲುತ್ತದೆ ಎಂಬುದು ರುದ್ರವ್ವನಿಗೆ ಗೊತ್ತಿರಲಿಲ್ಲ. ಅವಳಿಗೆ ಅದನ್ನು ತಿಳಿಸುವಂಥದು ಏನೂ ಅವಳ ಬಾಳಿನಲ್ಲಿ ಆಗಿರಲಿಲ್ಲ. ಮಗಳ ಹೊಟ್ಟೆಯ ಹಸಿವನ್ನು ತನ್ನ ಹಸಿವಿನಿಂದ ಅಳೆದಿದ್ದಳು.

"ಹುಚ್ಚಿ," ಎಂದಳು, ಮಗಳಿಗೋ ತನಗೋ. ಮದರಂಗಿ ಕೆಡದಂತೆ ಮೊಣಕೈ ಹಿಡಿದು ಹುಡುಗಿಯನ್ನು ಎಳೆದುಕೊಂಡಳು. "ಹೇಳಬಾರದೇನು?"

"ನೀ ಕೇಳಬಾರದಾಗಿತ್ತೇನು?"

"ನಾ ಒಲಿನ್ನ ಕೇಳಿದೆ."

"ಒಲಿಗೇನು ಗೊತ್ತದ, ಹೊಗಿ ಬಿಡೂದು ಬಿಟ್ಟು?"

ಮೂವರೂ ನಕ್ಕರು. ರುದ್ರವ್ವ ನಕ್ಕು ಕಣ್ಣೊರೆಸಿಕೊಂಡಳು. ಹಿಟ್ಟು ಕಣ್ಣಿಗೆ ಹೋಯಿತು, ಅದನ್ನು ಪ್ರೇಮಾವತಿ ಬೆರಳ ತುದಿಯಲ್ಲಿ ಸೆರಗು ಹಿಡಿದು ತೆಗೆದಳು. ಹೊರಗೆ ಹೋಗಿ ಎರಡು ಮಾತು ಹೇಳಿದರೆ ಮುರುಗೆಪ್ಪನವರು ವಲ್ಲಿ ತೆಗೆಯುತ್ತಾರೆ. ಎರಡನೆಯ ದನಿ ಯಾರದೆಂದು ಆಮೇಲೆ ನೋಡಿದರಾಯಿತು. ಕಾಶವ್ವ ಮೊಣಕಾಲಿಗೆ ಕೈಕೊಟ್ಟು ಎದ್ದಳು.

"ನಡೀರಿ. ಬೀಗರು ಕಾಯಾಕತ್ಯಾರ."

"ಹೋಗಬ್ಯಾಡ್ರಿ."

ಬಾಗಿಲಲ್ಲಿ ಹುಡುಗನ ತಾಯಿ ಕಲ್ಲವ್ವ ನಿಂತಿದ್ದರು, ಎಲ್ಲವನ್ನೂ ಕೇಳಿಸಿಕೊಂಡವರ ಹಾಗೆ. ಪ್ರಯಾಣದ ತಲೆನೋವು ಎಂದು ಮಧ್ಯಾಹ್ನದಿಂದ ಅತಿಥಿಗಳ ಖೋಲಿಯಲ್ಲಿ ಮಲಗಿದ್ದವರು. ಕೂದಲು ಒಂದು ಕಡೆ ಒತ್ತಿತ್ತು, ಕುಂಕುಮ ಹಣೆಯ ಮೇಲೆ ಸರಿದಿತ್ತು. ಇಷ್ಟು ದಿನದ ಬೀಗತನದ ಮಾತುಕತೆಯಲ್ಲಿ ಅವರು ಬಾಯಿಬಿಟ್ಟು ಆಡಿದ್ದು ಕಡಿಮೆ. ಎಲ್ಲವನ್ನೂ ಮುರುಗೆಪ್ಪನವರೇ ಆಡುತ್ತಿದ್ದರು.

"ನನ್ನ ಖೋಲ್ಯಾಗೂ ಒಂದು ಪೆಟ್ಟಿಗಿ ಅದ," ಎಂದರು.

ಕಾಶವ್ವ ನಿಟ್ಟುಸಿರು ಬಿಟ್ಟಳು. "ನಿಮ್ಮದರಿ, ಎರಡನೇ ಮಾತು?"

"ನಂದು. ನಾ ಗ್ವಾಡಿ ಕಡೆ ಮುಖ ಮಾಡಿ ಮಲಗಿದ್ದೆ. ಮ್ಯಾಲಿಂದ ಯಾರೋ ನನ್ನ ಎದಿಯೊಳಗಿನ ಮಾತು ಅಂದಂಗಾತು. ಗೊತ್ತಿಲ್ಲದ ಓ ಅಂದುಬಿಟ್ಟೆ." ಅವರು ರುದ್ರವ್ವನ ಕಡೆ ನೋಡಿದರು. "ನಿಮ್ಮ ಯಜಮಾನ್ರಷ್ಟ ಅಲ್ರಿ ಬೀಗತೇರ. ನಮ್ಮವರೂ ಗುರ್ತ ಹಿಡೀಲಿಲ್ಲ. ಯಾವ ಮನಿಮುರುಕಿ ಅಂತ ನನ್ನ ಮುಂದ ಬಂದು ಬೈದು ಹೋದ್ರು."

"ನಿಮಗ್ಯಾಕ ಮನಸಿಲ್ಲ? ನಮ್ಮ ಹುಡುಗಿ ಏನು ಕಡಿಮಿ ಅದಾಳ?" ರುದ್ರವ್ವನ ದನಿಯಲ್ಲಿ ಈಗ ಒಲೆಯ ಮುಂದಿನ ಸಣ್ಣತನ ಇರಲಿಲ್ಲ.

"ನನಗಲ್ಲವ್ವಾ. ನಿಮ್ಮ ಭೋಂಗಾ ಕರಕರದಾಗ ಮಾತು ಕೆಡಿಸ್ಯದ. ನಾ 'ನನಗೂ' ಅನಲಿಲ್ಲ."

ಕಲ್ಲವ್ವ ಚೌಕಟ್ಟು ಹಿಡಿದುಕೊಂಡರು.

"'ಅವಗೂ ಇಲ್ಲ' ಅಂದೆ."

ಕರಕರದ ಆಚೆ ಕಳೆದುಹೋಗಿದ್ದ ಮಾತು ಈಗ ಅಡಿಗೆಮನೆಯೊಳಗೆ ಪೂರ್ತಿ ಬಂದು ನಿಂತಿತು. ರುದ್ರವ್ವನ ಕೈ ಮಗಳ ಮೊಣಕೈ ಮೇಲೆ ಬಿಗಿಯಾಯಿತು.

"ನನ್ನ ಗೂಳಪ್ಪ ಕೆಟ್ಟಾಂವಲ್ಲ. ಕೆಟ್ಟಾಂವ ಇದ್ದಿದ್ರ ಸಲೀಸಿತ್ತು. ಅಪ್ಪನ ಮಾತು ಮೀರೂದಿಲ್ಲ, ತಾಳಿ ಕಟ್ಟತಾನ, ನಿಮ್ಮ ಹುಡುಗಿನ್ನ ಒಂದು ದಿನ ನೋಯಿಸೂದಿಲ್ಲ. ಚಹಾ ಚೆಲ್ಲಿದ್ರ ತನ್ನ ಮ್ಯಾಲೆ ಹಾಕ್ಕೋತಾನ." ಪ್ರೇಮಾವತಿಯ ಮುಖ ನೋಡಲಾರದೆ ಅವರು ನೆಲ ನೋಡಿದರು. "ಆದ್ರ ಅಂವ ಹೋದ ವರ್ಷ ಇಲ್ಲಿ ಶಿವಾಜಿನಗರದ ಕಾಲೇಜಿನ್ಯಾಗಿದ್ದಾಗ ವಿಷಮಜ್ವರ ಬಂದು ಮಲಗಿದ್ನಲ್ಲ, ಆವಾಗಿಂದ ಅವನ ಮನಸು ಇಲ್ಲೇ ಅದ. ನನ್ನ ಮುಂದ ಒಮ್ಮಿ ಹೇಳ್ಯಾನ. ನಾ ಯಾರ ಮುಂದೂ ಹೇಳಿಲ್ಲ. ಇವತ್ತಿನ ತನಕ."

ಆ ವಿಷಮಜ್ವರ ಕಾಶವ್ವನಿಗೆ ಗೊತ್ತು. ಆ ಹಾಸಿಗೆ ಗೊತ್ತು. ನೋವಿನಲ್ಲೂ ನೀರು ಕೊಟ್ಟವರಿಗೆ ಕೈಮುಗಿಯುತ್ತಿದ್ದ ಹುಡುಗನನ್ನು ತನ್ನ ದವಾಖಾನೆಯ ವಾರ್ಡಿನಲ್ಲೇ ನೋಡಿ, ನಮ್ಮ ಪ್ರೇಮಾಗೆ ಇಂಥವನು ಸಿಕ್ಕರೆ ಎಂದುಕೊಂಡವಳು ಅವಳೇ.

"ಯಾರ್ರಿ ಆಕಿ?" ಪ್ರೇಮಾವತಿ ಕೇಳಿದಳು. ದನಿ ಸಮವಾಗಿತ್ತು.

ಕಲ್ಲವ್ವ ಹುಡುಗಿಗೆ ಉತ್ತರ ಕೊಡಲಿಲ್ಲ. ಕಾಶವ್ವನಿಗೆ ಕೊಟ್ಟರು.

"ಭಾಮಾ ಅಂತ್ರಿ. ನಿಮ್ಮ ಕೈಕೆಳಗ ಇರೂ ನರ್ಸ ಹುಡುಗಿ. ತಂದಿ ತಾಯಿ ಇಲ್ಲದಾಕಿ, ನಿಮ್ಮ ಮನ್ಯಾಗ ಇಟಗೊಂಡು ಮಗಳಂಗ ಬೆಳಸೀರಿ ಅಂತ ಗೂಳಪ್ಪ ಹೇಳಿದ."

ಪೇಟೆಯಲ್ಲಿ ಯಾರದು ಏನು ಕಳೆದರೂ ಹುಡುಕಿಕೊಡುವ ಕಾಶವ್ವ ತನ್ನ ಮನೆಯೊಳಗಿನದನ್ನೇ ಕಂಡಿರಲಿಲ್ಲ. ಇವತ್ತು ಬೆಳಿಗ್ಗೆ ಭಾಮಾ ತಾನಾಗಿಯೇ ಇಡೀ ದಿನದ ಪಾಳಿ ಕೇಳಿಕೊಂಡಿದ್ದಳು. ನಿಶ್ಚಯಕ್ಕೆ ಬಾ ಎಂದರೆ, ತಲೆ ತಗ್ಗಿಸಿ, ಕೆಲಸ ಇದೆ ಎಂದಿದ್ದಳು.

ಪಡಸಾಲೆಯಿಂದ ಶಿವರುದ್ರಪ್ಪ ದೀಪಕ್ಕೆ ಎಣ್ಣೆ ಕೇಳಿದ.

ಪ್ರೇಮಾವತಿ ತಾಯಿಯ ಹಿಡಿತದಿಂದ ಮೊಣಕೈ ಬಿಡಿಸಿಕೊಂಡಳು. ಹಂಡೆಯ ಹತ್ತಿರ ಹೋಗಿ, ಎರಡೂ ಕೈಗಳನ್ನು ನೀರಿಗಿಳಿಸಿ, ಮದರಂಗಿಯನ್ನು ನಿಧಾನವಾಗಿ ತೊಳೆದಳು. ಬಣ್ಣ ಇನ್ನೂ ಪೂರ್ತಿ ಹತ್ತಿರಲಿಲ್ಲ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಅತ್ತೆಯ ಮುಂದೆ ಬಂದು ನಿಂತಳು.

"ಅತ್ತೀ," ಎಂದಳು, "ಸಕ್ಕರಿ ಇನ್ನೂ ಯಾರ ಬಾಯಿಗೂ ಬಿದ್ದಿಲ್ಲ. ಭಾಮಾನ್ನ ಇಲ್ಲಿಗೆ ಕರಸ್ರಿ. ಈಗ."